ಎರಡನೇ ಕೀಲಿ

"ಹಲಗೆ ತಗೊಂಡು ಹೋಗಿ ಡಾಕ್ಟ್ರೇ, ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಆ ಒಂದು ಕೊಕ್ಕೆ ಖಾಲಿನೇ ಇರ್ಲಿ. ಅದರ ಕೀಲಿ ಎಲ್ಲಾದ್ರೂ ಕಣ್ಣಿಗೆ ಬಿದ್ರೂ ಮನೆಗೆ ತರ್ಬೇಡಿ."

ಹೀಗೆ ಹೇಳಿದವಳು ಶೋರೂಮಿನ ಹಳೇ ಮಾಲೀಕರ ಮಗಳು. ಹಲಗೆಯ ಹತ್ತಿರ ಬರದೆ, ದೂರದಿಂದಲೇ ಕನ್ನಡಕದ ಕಡ್ಡಿಯಿಂದ ಅದನ್ನು ತೋರಿಸುತ್ತಿದ್ದಳು.

ಎಂದೋ ಮುಚ್ಚಿದ ಶೋರೂಮು. ಗಾಜಿನ ಗೋಡೆಗೆ ಒಳಗಿನಿಂದ ಸುಣ್ಣ ಬಳಿದಿದ್ದರಿಂದ ಮಧ್ಯಾಹ್ನದ ಬಿಸಿಲೂ ಹಾಲು ಬೆರೆಸಿದ ನೀರಿನಂತೆ ಮಂಕಾಗಿ ಇಳಿಯುತ್ತಿತ್ತು. ಹಳೆಯ ರಬ್ಬರಿನ, ಇಲಿಯ ಉಚ್ಚೆಯ, ಒಣಗಿದ ಗ್ರೀಸಿನ ವಾಸನೆ. ಒಂದು ಕಾಲದಲ್ಲಿ ಸ್ಪೋರ್ಟ್ಸ್ ಕಾರೊಂದು ಮೆಲ್ಲಗೆ ಸುತ್ತುತ್ತಿದ್ದ ದುಂಡು ಕಟ್ಟೆಯ ಮೇಲೆ ಈಗ ರಟ್ಟಿನ ಡಬ್ಬಗಳ ರಾಶಿ. ಹಳೇ ಕಾರು ಕಂಪನಿಗಳ ಸಾಮಾನು ಕೂಡಿಡುವ ದಂತವೈದ್ಯನಿಗೆ ಬೇಕಾದದ್ದೆಲ್ಲ ಅವುಗಳಲ್ಲಿತ್ತು. ಬಣ್ಣ ಮಾಸದ ಬ್ರೋಷರುಗಳು, ಎನಾಮಲ್ ಫಲಕಗಳು, ಗಿರಾಕಿಗಳಿಗೆ ಕಾಣಿಕೆಯಾಗಿ ಕೊಡುತ್ತಿದ್ದ ಗಾಜಿನ ಆಶ್‌ಟ್ರೇಗಳು, ಕಂಪನಿಯ ಲಾಂಛನ ಒತ್ತಿದ ಚರ್ಮದ ಕೀಚೈನುಗಳು. ಆದರೆ ಅವನ ಕಣ್ಣು ಕೀಲಿಗಳ ಹಲಗೆಯನ್ನು ಬಿಟ್ಟು ಕದಲಲಿಲ್ಲ. ತೇಗದ ಮರ, ಸಾಲಾಗಿ ಹಿತ್ತಾಳೆಯ ಕೊಕ್ಕೆಗಳು, ಅವುಗಳಲ್ಲಿ ಯಾರೂ ಒಯ್ಯದೆ ಉಳಿದ ಕೀಲಿಗಳು, ಪ್ರತಿ ಕೊಕ್ಕೆಯ ನೆತ್ತಿಯಲ್ಲೂ ಒಂದು ಅಂಕಿ. ನಡುವಿನ ಒಂದು ಕೊಕ್ಕೆ ಮಾತ್ರ ಕಪ್ಪು ಅಂಟಿನಲ್ಲಿ ಮುಳುಗಿ ಗಂಟಾಗಿತ್ತು.

"ಇದೇನು, ಹುಳುಕು ಹಲ್ಲು ಇದ್ದ ಹಾಗಿದೆಯಲ್ಲ!" ಎಂದು ಅವನು ನಕ್ಕ. "ಇಂಥದ್ದನ್ನ ಕೆರೆದು ಕೆರೆದೇ ನಾನು ಹೊಟ್ಟೆ ಹೊರೀತಿರೋದು."

ಆಕೆ ನಗಲಿಲ್ಲ. "ಪ್ರತಿ ಕಾರಿಗೂ ಎರಡು ಕೀಲಿ ಇರ್ತಿತ್ತು. ಒಂದು ಗಾಡಿ ಜೊತೆ ಹೋಗೋದು. ಇನ್ನೊಂದು ಈ ಹಲಗೆ ಮೇಲೆ. ಕಾಗದಪತ್ರ ಎಲ್ಲ ಮುಗಿದ ಮೇಲೆ ಕೊಂಡವರೇ ಬಂದು ಸಹಿ ಹಾಕಿ ಎರಡನೇ ಕೀಲಿ ತಗೊಂಡು ಹೋಗ್ಬೇಕು. ಅಪ್ಪನ ಕಾಲದ ಪದ್ಧತಿ. ಒಬ್ಬ ಹುಡುಗ ಕೆಂಪು ಗಾಡಿ ತಗೊಂಡ. ಅಮ್ಮನಿಗೆ ತೋರಿಸ್ಬೇಕು ಅಂತ ಇಲ್ಲಿಂದ ಸೀದಾ ಹೊರಟ. ಮನೆ ಮುಟ್ಟಲಿಲ್ಲ."

"ಅಯ್ಯೋ."

"ಆ ತಾಯಿ ದಿನಾ ಬಂದು ಇಲ್ಲಿ ಬೆಂಚಿನ ಮೇಲೆ ಕೂರ್ತಿದ್ರು. ಗಾಡಿನೂ ಉಳೀಲಿಲ್ಲ, ಮಗನೂ ಉಳೀಲಿಲ್ಲ, ಆ ಇನ್ನೊಂದು ಕೀಲಿನಾದ್ರೂ ಕೊಡಿ ಅಂತ. ಅಪ್ಪ ಪದ್ಧತಿ ಬಿಡೋ ಆಸಾಮಿ ಅಲ್ಲ. ಒಂದಿನ ಬೇಸತ್ತು, ಕೊಂಡವರನ್ನೇ ಕರ್ಕೊಂಡು ಬನ್ನಮ್ಮಾ, ಕೊಡ್ತೀನಿ ಅಂದ್ಬಿಟ್ರು." ಆಕೆ ಕನ್ನಡಕವನ್ನು ಮಡಚಿದಳು. "ಮಾರನೇ ದಿನ ಆಕೆ ತಲೆ ಬೋಳಿಸ್ಕೊಂಡು ಬಂದ್ರು. ಆ ಕೀಲಿ ತೆಗೆದು ಅಪ್ಪನ ಮೇಜಿನ ಮೇಲೆ ಎಸೆದು, ತಮ್ಮ ಕೂದಲನ್ನ ಕೊಕ್ಕೆಗೆ ಸುತ್ತಿ, ಏನೋ ಕಾಯಿಸಿ ತಂದಿದ್ದನ್ನ ಅದರ ಮೇಲೆ ಹುಯ್ದು, ತುಂಬ ಹೊತ್ತು ತುಟಿ ಅಲ್ಲಾಡಿಸಿದ್ರು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. ಈ ಕೀಲಿ ಈ ಕೊಕ್ಕೆಗೆ ಮರಳಿ ಬಂದ ದಿನ, ಅದನ್ನ ನೇತುಹಾಕಿದವನ ಮಗು ಅವನ ಕೈಬಿಟ್ಟು ಹೋಗ್ಲಿ."

"ಆ ಕೀಲಿ ಎಲ್ಲಿ?"

"ಅಪ್ಪ ಕೊಡೋಕೆ ಅಂತ ಅವರ ಮನೆಗೇ ಹೋದ್ರು. ಆಕೆ ಬಾಗಿಲು ತೆಗೀಲಿಲ್ಲ. ಕೊನೆಗೆ ಗುಜರಿಗೆ ಹಾಕಿದ್ರಂತೆ."

"ಒಳ್ಳೇ ಕತೆ. ಹಲಗೆ ಪಕ್ಕದಲ್ಲಿ ಬರೆದು ಹಾಕ್ತೀನಿ ಬಿಡಿ, ನೋಡೋಕೆ ಬಂದವರಿಗೆ ಮಜಾ ಇರುತ್ತೆ."

ಆಕೆ ಅವನನ್ನೇ ದಿಟ್ಟಿಸಿದಳು. "ಮಕ್ಕಳಿದ್ದಾರಾ ನಿಮಗೆ?"

ಅವನು ಹಲಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತತೊಡಗಿದ.

ಇದ್ದಳು. ಇದ್ದದ್ದು ಅವಳೊಬ್ಬಳೇ. ಬಟಾಣಿ ಎಂದು ಮನೆಯವರೆಲ್ಲ ಕರೆಯುತ್ತಿದ್ದ, ಹಾಲುಹಲ್ಲು ಬೀಳುವ ವಯಸ್ಸಿನ ಮಗಳು. ಹಿಂದಿನ ವರ್ಷ ಹೆಂಡತಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಸಂಜೆಗಳನ್ನು ಏನು ಮಾಡಬೇಕೆಂದು ತೋಚದೆ ಅವನು ಈ ಸಂಗ್ರಹಕ್ಕೆ ಬಿದ್ದಿದ್ದ. ಹೆಂಡತಿ ಇದ್ದಾಗಲೇ ಇದು ಸಣ್ಣದಾಗಿ ಶುರುವಾಗಿತ್ತು. ಅವನು ತಂದ ಮೊದಲ ಬ್ರೋಷರನ್ನು ನೋಡಿ ಅವಳು, "ಆ ಕಾರಿಲ್ಲ, ಅದರ ಜಾತಕ ಮಾತ್ರ ಇದೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳ ನಗು ನಿಂತ ಮೇಲೆ ಗೋಡೆಗಳು ತುಂಬಿದವು.

ಹಲಗೆ ನಡುಮನೆಯ ಗೋಡೆಗೇರಿದ ದಿನ ಬಟಾಣಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಪ್ಪಾ, ಅಮ್ಮ ಇದ್ದಿದ್ರೆ ಏನಂತಿದ್ಲು ಹೇಳ್ಲಾ?"

"ಹೇಳು."

"ಇಷ್ಟೊಂದು ಕೀಲಿ ಇದೆ, ಆದ್ರೂ ಕ್ಲಿನಿಕ್ ಬೀಗದ ಕೈ ಮಾತ್ರ ದಿನಾ ಹುಡುಕ್ತೀರಲ್ಲ ಅಂತಿದ್ಲು!"

ತಾಯಿಯ ಕತ್ತಿನ ಕೊಂಕು, ತಾಯಿಯ ಹುಬ್ಬು, ಮಾತಿನ ಕೊನೆಯನ್ನು ಎಳೆಯುವ ರೀತಿ, ಎಲ್ಲ ಥೇಟ್ ಹಾಗೇ. ದಂತವೈದ್ಯ ನಕ್ಕ. ಆ ವರ್ಷದಲ್ಲಿ ಅವನು ನಕ್ಕದ್ದೆಲ್ಲ ಹೀಗೇ, ಮಗಳ ಬಾಯಿಂದ ಹೆಂಡತಿ ಮಾತಾಡಿದಾಗ.

ಕೀಲಿ ಸಿಕ್ಕಿದ್ದು ಗುಜರಿಯಿಂದ. ಗುಜರಿ ಎನ್ನುವುದು ಅವನ ಗೆಳೆಯನಿಗೆ ಸಂಗ್ರಾಹಕರ ಬಳಗ ಇಟ್ಟ ಹೆಸರು. ಎಲ್ಲಿ ಯಾರ ಗ್ಯಾರೇಜು ಮುಚ್ಚಿದರೂ ಮೊದಲು ಮೂಗು ತೂರಿಸುವವನು ಅವನೇ. ಸತ್ತ ಮೆಕ್ಯಾನಿಕ್ ಒಬ್ಬನ ನಟ್ಟು ಬೋಲ್ಟುಗಳ ಡಬ್ಬದ ತಳದಿಂದ ಹೆಕ್ಕಿದ್ದನ್ನು ಅವನು ಕ್ಲಿನಿಕ್ಕಿನ ಮೇಜಿನ ಮೇಲಿಟ್ಟ. ಚರ್ಮದ ಬಿಲ್ಲೆ, ಅದೇ ಶೋರೂಮಿನ ಲಾಂಛನ, ಅದೇ ಅಂಕಿ.

"ಬಾಯಿ ಮುಚ್ಚು ಮಾರಾಯ, ನೊಣ ಹೋದೀತು," ಎಂದ ಗುಜರಿ. "ಹಲ್ಲು ಡಾಕ್ಟ್ರು ನೀನೇ ಹೀಗೆ ಬಾಯಿ ಬಿಟ್ರೆ ಹೇಗೆ? ನಿನ್ನ ಹಲಗೆದೇ ಅಲ್ವಾ ಇದು?"

"ಅದೇ. ಶಾಪದ ಕೀಲಿ."

"ಶಾಪನೋ ಗೀಪನೋ. ಬೇರೆ ಬೇರೆಯಾಗಿದ್ದ ಜೋಡಿ ಒಂದಾದ್ರೆ ಅದಕ್ಕಿಂತ ಪುಣ್ಯ ಇದೆಯಾ ನಮ್ಮ ಕಸುಬಲ್ಲಿ?"

ಸಂಗ್ರಾಹಕರಿಗೆ ಇದಕ್ಕಿಂತ ದೊಡ್ಡ ಸುಖವಿಲ್ಲ. ಡಬ್ಬಕ್ಕೆ ಅದರದೇ ಮುಚ್ಚಳ, ಫಲಕಕ್ಕೆ ಅದರದೇ ತಿರುಪು, ಕೊಕ್ಕೆಗೆ ಅದರದೇ ಕೀಲಿ. ಬೇರೆ ಯಾರಾದರೂ ಆಗಿದ್ದರೆ ಕೀಲಿಯನ್ನು ಡ್ರಾಯರಿನಲ್ಲಿ ಹಾಕಿ ಮರೆಯುತ್ತಿದ್ದರೇನೋ. ಸಂಗ್ರಾಹಕನಿಂದ ಅದು ಸಾಧ್ಯವಿಲ್ಲ. ಖಾಲಿ ಜಾಗ ಅವನನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತದೆ.

ಕೀಲಿಯ ಉಂಗುರ ಕೊಕ್ಕೆಯೊಳಗೆ ಇಳಿಯಲಿಲ್ಲ. ಕಪ್ಪು ಅಂಟು ಅಡ್ಡವಾಗಿತ್ತು. ಭಾನುವಾರ ಬೆಳಗ್ಗೆ ಅವನು ಕ್ಲಿನಿಕ್ಕಿನಿಂದ ಹಲ್ಲಿನ ಕಿಟ್ಟ ಕೆರೆಯುವ ಸಲಾಕೆ ತಂದು, ತಲೆಗೆ ದೀಪ ಕಟ್ಟಿಕೊಂಡು ಕೆಲಸಕ್ಕೆ ಕೂತ. ಪದರ ಪದರವಾಗಿ ಅಂಟು ಉದುರಿತು. ಒಳಗಿಂದ ಕೂದಲು ಬಂತು. ಒತ್ತಾಗಿ, ಅಚ್ಚುಕಟ್ಟಾಗಿ ಸುತ್ತಿದ ಹೆಂಗಸಿನ ಉದ್ದ ಕೂದಲು. ಎಳೆದಷ್ಟೂ ಬರುತ್ತಲೇ ಇತ್ತು. ಸುಟ್ಟ ಕೂದಲಿನ ವಾಸನೆ ನಡುಮನೆಯನ್ನು ತುಂಬಿತು. ಬೆಂಕಿ ಎಲ್ಲೂ ಇರಲಿಲ್ಲ.

ಅಡುಗೆಮನೆಯಿಂದ ಅವನ ಅಕ್ಕ ಮೂಗು ಮುಚ್ಚಿಕೊಂಡು ಬಂದಳು. ಹೆಂಡತಿ ಹೋದಾಗಿನಿಂದ ಮನೆ ನೋಡಿಕೊಳ್ಳುತ್ತಿದ್ದವಳು ಅವಳೇ. "ಏನೋ ಇದು ಅಸಹ್ಯ? ಯಾರದೋ ಏನೋ. ಮಗು ಓಡಾಡೋ ಮನೆ ಕಣೋ."

"ಧೂಳು ಕಣಕ್ಕಾ, ಹಳೇ ಧೂಳು."

ಕೊಕ್ಕೆ ಬಂಗಾರದಂತೆ ಹೊಳೆಯಿತು. ಅವನು ಕೀಲಿಯನ್ನು ನೇತುಹಾಕಿದ. ಮನೆಯ ಗಾಳಿ ಒಮ್ಮೆ ಉಸಿರು ಹಿಡಿದಂತಾಯಿತು. ಅಷ್ಟೇ.

ಮೊದಲು ಬಂದದ್ದು ಪೆಟ್ರೋಲಿನ ವಾಸನೆ. ಮುಸ್ಸಂಜೆಯ ಹೊತ್ತಿಗೆ ಮೆಲ್ಲಗೆ ಎದ್ದು, ದೀಪ ಹಾಕಿದರೆ ಅಡಗುತ್ತಿತ್ತು. ಆಮೇಲೆ ಕೀಲಿ ಅಲುಗಾಡತೊಡಗಿತು. ಕಿಟಕಿ ಮುಚ್ಚಿದ್ದರೂ, ಫ್ಯಾನು ನಿಂತಿದ್ದರೂ, ಬೇರೆಲ್ಲ ಕೀಲಿಗಳು ಸುಮ್ಮನಿದ್ದರೂ ಅದೊಂದು ಮಾತ್ರ ಮರಕ್ಕೆ ಟಕ್, ಟಕ್ ಎಂದು ತಾಗುತ್ತಿತ್ತು. ಬಟಾಣಿ ಶಾಲೆಯಿಂದ ಬಂದವಳೇ ಮಣೆ ಎಳೆದುಕೊಂಡು ಹಲಗೆಯ ಕೆಳಗೆ ಕೂರತೊಡಗಿದಳು. ಮಂಡಿಗಳನ್ನು ಜೋಡಿಸಿ, ಕೈಗಳನ್ನು ಮಡಿಲಲ್ಲಿಟ್ಟು, ಬಾಗಿಲ ಕಡೆ ಮುಖ ಮಾಡಿ.

"ಏನೇ ಮಾಡ್ತಿದ್ದೀಯ?"

"ಕಾಯ್ತಿದ್ದೀನಿ. ಗಾಡಿ ಬರುತ್ತೆ."

"ಯಾವ ಗಾಡಿನೇ?"

ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಬರಬರುತ್ತ ಅವಳ ಊಟ ಇಳಿಯಿತು. ಅವನ ಅಕ್ಕ ತಟ್ಟೆ ಹಿಡಿದು ಹಿಂದೆ ಹಿಂದೆ ಸುತ್ತಿದರೂ ತುಟಿ ಬಿಚ್ಚಲಿಲ್ಲ. ಮಕ್ಕಳ ವೈದ್ಯರು ರಕ್ತ ನೋಡಿದರು, ಎದೆ ನೋಡಿದರು, ತಾಯಿಯಿಲ್ಲದ ಮಗು, ಸ್ವಲ್ಪ ಸಮಯ ಕೊಡಿ ಎಂದರು.

ಒಂದು ಬೆಳಗ್ಗೆ ಅವನು ಬಾಚಣಿಗೆ ಹಿಡಿದು ಕರೆದಾಗ ಬಟಾಣಿ ಎರಡು ಹೆಜ್ಜೆ ಹಿಂದೆ ಸರಿದಳು. "ಬೇಡ ಸಾರ್," ಎಂದಳು. "ನಮ್ಮನೆಯವರು ಬರ್ತಾರೆ. ನೀವು ತೊಂದ್ರೆ ತಗೋಬೇಡಿ."

ಮೊದಲು ಅವನಿಗೆ ಆಟ ಎನ್ನಿಸಿತು. ನಕ್ಕ. ಆದರೆ ಮಗಳ ಕಣ್ಣಲ್ಲಿ ತುಂಟತನವಿರಲಿಲ್ಲ. ಗುರುತಿಲ್ಲದವರ ಮನೆಯಲ್ಲಿ ಕೂತ ಮಗುವಿನ ಮರ್ಯಾದೆ ಮಾತ್ರ ಇತ್ತು.

ಅವನು ಅವಳನ್ನು ಕಿಟಕಿಯ ಬೆಳಕಿಗೆ ಎಳೆದು ಗಲ್ಲ ಹಿಡಿದ. ಈ ಬಾಯಿಯ ಒಂದೊಂದು ಹಲ್ಲೂ ಅವನಿಗೆ ಗೊತ್ತು. ಮೊದಲ ಹಲ್ಲು ಮೂಡಿದಾಗ ಹೆಂಡತಿಯ ಬೆರಳಿಗೆ ಕಚ್ಚಿದ ಗುರುತೂ ಗೊತ್ತು. "ಆ ಅನ್ನು ಪುಟ್ಟಾ." ಬಾಯಿ ತೆರೆಯಿತು. ಒಳಗಿಂದ ಬಂದ ಉಸಿರಿಗೆ ಹಾಲಿನ ವಾಸನೆ ಇರಲಿಲ್ಲ. ಪೆಟ್ರೋಲು. ಸುಟ್ಟ ಕೂದಲು.

ಅವನು ಕೀಲಿಯತ್ತ ಓಡಿದ. ಅದು ಬರಲಿಲ್ಲ. ಉಂಗುರ ಕೊಕ್ಕೆಗೆ ಬೆಸೆದುಕೊಂಡಿತ್ತು. ಇಕ್ಕಳ ಹಾಕಿದ, ಕಾಲು ಕೊಟ್ಟು ಜಗ್ಗಿದ, ಉಗುರು ಕಿತ್ತು ರಕ್ತ ಬಂತು. ಕೀಲಿ ಕದಲಲಿಲ್ಲ. ಶೋರೂಮಿನ ಮಾಲೀಕರ ಮಗಳಿಗೆ ಫೋನು ಮಾಡಿದ.

ಆಕೆ ಮೊದಲು ಕೇಳಿದ್ದು ಒಂದೇ. "ನೇತು ಹಾಕಿದ್ರಾ?"

"ಏನು ಮಾಡ್ಲಿ ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನನಗೇನು ಗೊತ್ತು ಡಾಕ್ಟ್ರೇ? ಅದನ್ನ ಕಟ್ಟಿದ ತಾಯಿ ಇನ್ನೂ ಇದ್ದಾರೆ. ಶೋರೂಮಿನ ಹಿಂದಿನ ಓಣಿ, ಟೈಲರ್ ಅಂಗಡಿ ಮೇಲಿನ ಮನೆ. ಆಕೆ ಬಾಗಿಲು ತೆಗೀತಾರೋ ಇಲ್ಲವೋ. ಕತ್ತಲಾಗೋ ಮುಂಚೆ ಹೋಗಿ."

ಅಕ್ಕ ಶಾಲೆಗೆ ರಜೆ ಹೇಳಿಬರಲು ಹೋಗಿದ್ದಳು. ಅವನು ಹಲಗೆಯ ತಿರುಪುಗಳನ್ನು ಬಿಚ್ಚತೊಡಗಿದ. ಒಂದೊಂದು ತಿರುಪೂ ಗೋಡೆಯೊಳಗೆ ಬೇರು ಬಿಟ್ಟಂತೆ ಹಠ ಹಿಡಿಯಿತು. ಹೊರಗೆ ಮೋಡ ಕವಿದು ಸಂಜೆಯಂಥ ಕತ್ತಲಾಯಿತು. ಕರೆಂಟು ಹೋಯಿತು.

ಆಗ ಕೇಳಿಸಿತು.

ಎಂಜಿನ್ನಿನ ಸದ್ದು. ಬೀದಿಯಲ್ಲಿ ಅಲ್ಲ. ಮನೆಯೊಳಗೆ. ಗೋಡೆಯ ಆಚೆ, ನೆಲದ ಕೆಳಗೆ, ಗೊರಗೊರ ಎನ್ನುತ್ತ ಹತ್ತಿರ ಬರುತ್ತಿತ್ತು. ಹಲಗೆಯ ಕೀಲಿಗಳೆಲ್ಲ ಒಟ್ಟಿಗೆ ನಡುಗಿದವು. ಬಾಗಿಲ ಸಂದಿಯಲ್ಲಿ ಬೆಳಕು. ಹಳದಿ. ಹೊಗೆ ಬೆರೆತ ಹಳದಿ. ಮತ್ತೆ ಮಣೆಗೆ ಮರಳಿದ್ದ ಬಟಾಣಿ ಎದ್ದಳು. ನಡೆದಳು. ಚಿಲಕ ತಾನೇ ಸರಿಯಿತು. ಅವನು ಹಾರಿ ಅವಳ ತೋಳು ಹಿಡಿದ. ತೋಳು ಮಂಜಿನಂತೆ ತಣ್ಣಗಿತ್ತು. ಜಾರುತ್ತಿತ್ತು. ಮತ್ತೆ ಹಿಡಿದ. ಮತ್ತೆ ಜಾರಿತು.

"ಬಿಡಿ ಸಾರ್. ಗಾಡಿ ಬಂತು."

"ನಾನು ಅಪ್ಪ ಕಣೇ! ಬಟಾಣಿ! ನನ್ನ ನೋಡೇ!"

ನೋಡಲಿಲ್ಲ. ಎರಡೂ ತೋಳಲ್ಲಿ ಬಾಚಿ ತಬ್ಬಿದ. ಹಗುರ. ಒಣ ಎಲೆಯಷ್ಟು ಹಗುರ. ಹೊಸ್ತಿಲ ಆಚೆ ಯಾರೋ ಕಾರಿನ ಬಾಗಿಲು ತೆರೆದರು. ಅವನು ಕಣ್ಣು ಮುಚ್ಚಿ ಹಿಂದಕ್ಕೆ ಬಿದ್ದ. ಬೆನ್ನು ಹಲಗೆಯಿದ್ದ ಗೋಡೆಗೆ ಬಡಿಯಿತು. ಕೊನೆಯ ತಿರುಪು ಕಿತ್ತು ಹಲಗೆ ಅವನ ಹೆಗಲ ಮೇಲೆ ಬಿತ್ತು. ಸದ್ದು ನಿಂತಿತು. ಬೆಳಕು ಆರಿತು. ಬೀದಿಯಲ್ಲಿ ಯಾರೂ ಇರಲಿಲ್ಲ.

ಮಗುವನ್ನೂ ಹಲಗೆಯನ್ನೂ ತನ್ನ ಹಳೇ ಕಾರಿಗೆ ಹಾಕಿಕೊಂಡು ಅವನು ಹೊರಟ. ದಾರಿಯುದ್ದಕ್ಕೂ ಒಂದು ಕೈಯಿಂದ ಅವಳ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದ.

ಟೈಲರ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು. ಮೇಲೆ ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರ, ಮಡಚಿಟ್ಟ ಬಟ್ಟೆಗಳ ಕಂತೆ, ಇಸ್ತ್ರಿಯ ಬಿಸಿ ವಾಸನೆ. ಕಿಟಕಿಯ ಬಳಿ ಬಹಳ ವಯಸ್ಸಾದ ಮುದುಕಿಯೊಬ್ಬಳು ಕೂತಿದ್ದಳು. ತಲೆ ಬೋಳು. ಶಾಪ ಹಾಕಿದ ಆ ದಿನದ ನಂತರ ಕೂದಲು ಮತ್ತೆ ಬಂದಿರಲಿಲ್ಲ.

"ಕೀಲಿ ತಂದ್ರಾ?" ಎಂದಳು. ಬಂದವರನ್ನೆಲ್ಲ ಕೇಳಿ ಕೇಳಿ ಸವೆದ ಧ್ವನಿ.

ಅವನು ಹಲಗೆಯನ್ನು ಅವಳ ಮುಂದಿಟ್ಟ. ಮುದುಕಿ ಬಗ್ಗಿದಳು. ಇಕ್ಕಳಕ್ಕೂ ಬಗ್ಗದ ಕೀಲಿ ಅವಳ ಬೆರಳು ತಾಗಿದ್ದೇ ಹಣ್ಣು ಕಳಚಿದಂತೆ ಕಳಚಿ ಬಂತು. ಅದನ್ನು ಕೆನ್ನೆಗೆ ಒತ್ತಿಕೊಂಡಳು. ದಂತವೈದ್ಯ ಬೈಗುಳ ಹೊತ್ತು ಬಂದಿದ್ದ. ಆ ಕೆನ್ನೆಯನ್ನು ನೋಡಿ ಬಟಾಣಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಅವತ್ತು ಶೋರೂಮಿನ ಯಜಮಾನ್ರೇ ತಂದಾಗ ನಾನು ಬಾಗಿಲು ತೆಗೀಲಿಲ್ಲ ಕಣಪ್ಪ. ಸಿಟ್ಟಿತ್ತು. ಸಿಟ್ಟು ಹೋದ ಮೇಲೆ ಯಾರೂ ತರಲಿಲ್ಲ." ಅವಳ ಕಣ್ಣು ಬಟಾಣಿಯ ಮೇಲೆ ಬಿತ್ತು. ಮುಖ ಬೂದಿಯಾಯಿತು. "ಅಯ್ಯೋ ಕೂಸೇ. ಇಷ್ಟು ಚಿಕ್ಕದಾ?"

"ಬಿಚ್ಚಿ ಅಜ್ಜಿ. ನನಗಿರೋದು ಇವಳೊಬ್ಬಳೇ."

"ಸುಮ್ಮನೆ ಬಿಚ್ಚೋಕೆ ಬರಲ್ಲ. ನನ್ನ ಮಗನ ಮೇಲಿದ್ದ ಪ್ರೀತಿ, ಸಂಕಟ ಎಲ್ಲ ಹಿಂಡಿ ಕಟ್ಟಿದ್ದು ಅದು. ಅಷ್ಟೇ ತೂಕದ್ದು ಇನ್ನೊಂದು ಇಡಬೇಕು."

"ನನ್ನ ಪ್ರಾಣ ಇಟ್ಕೊಳ್ಳಿ."

"ನಿನ್ನ ಪ್ರಾಣ ಅಷ್ಟು ತೂಗಲ್ಲ." ಮುದುಕಿ ತುಂಬ ಮೆತ್ತಗೆ ಹೇಳಿದಳು. "ಇವಳ ಅಮ್ಮ ಎಲ್ಲಿ?"

"ತೀರ್ಕೊಂಡು ವರ್ಷ ಆಯ್ತು."

"ಇವಳೊಳಗೆ ತೀರಿಲ್ಲ. ಅವಳನ್ನ ಇಡಬೇಕು. ನೆನಪು, ಗುರುತು, ಕೊರಗು, ಎಲ್ಲ. ಕೂಸು ನಿನಗೆ ವಾಪಸ್ ಸಿಗುತ್ತೆ. ಅಮ್ಮ ಇದ್ದಳು ಅನ್ನೋದು ಮಾತ್ರ ಇವಳಿಗೆ ಇರಲ್ಲ. ಆ ನೆನಪು ಮತ್ತೆ ಬರೋದೂ ಇಲ್ಲ. ಒಪ್ಪಿಗೆ ಇದ್ರೆ ಹೇಳು. ನಿನಗೆ ಹೇಳದೆ ಮಾಡಲ್ಲ ನಾನು."

ಅವನು ಮಗಳನ್ನು ನೋಡಿದ. ಅವಳು ಬಾಗಿಲ ಕಡೆ ತಿರುಗಿ, ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು. ಓಣಿಯ ಕೊನೆಯಲ್ಲಿ ಮತ್ತೆ ಆ ಗೊರಗೊರ ಸದ್ದು. ಹೆಂಡತಿ ಕೊನೆಯ ದಿನಗಳಲ್ಲಿ ಕೇಳಿಕೊಂಡದ್ದು ಒಂದೇ, ನನ್ನ ಮರೀದ ಹಾಗೆ ನೋಡ್ಕೊಳ್ಳಿ ಅವಳನ್ನ. ಅವನು ಆಣೆ ಮಾಡಿದ್ದ.

ಸದ್ದು ಮೆಟ್ಟಿಲ ಬುಡಕ್ಕೆ ಬಂತು.

"ಆಯ್ತು," ಎಂದ. ಆ ಮಾತು ಅವನ ಬಾಯಿಂದ ಹಲ್ಲು ಕಿತ್ತಂತೆ ಬಂತು.

ಮುದುಕಿ ಮಗುವಿನ ತಲೆಯಿಂದ ಒಂದು ಕೂದಲೆಳೆ ತೆಗೆದು ಕೀಲಿಗೆ ಸುತ್ತತೊಡಗಿದಳು. ಒಂದೊಂದು ಸುತ್ತಿಗೂ ಬಟಾಣಿಯ ತುಟಿ ಅಲ್ಲಾಡಿತು. ನಿದ್ದೆಯಲ್ಲಿ ಕನವರಿಸಿದಂತೆ ಒಂದು ಜೋಗುಳದ ಚೂರು ಬಂತು, ಹೋಯಿತು. "ಕಣ್ಣು ಮುಚ್ಕೋ, ಸೋಪು ಹೋಗುತ್ತೆ" ಎಂಬ ಬೈಗುಳ ಬಂತು, ಹೋಯಿತು. ಅವಳು ಎಂದೂ ಯಾರಿಗೂ ಹೇಳಿರದ ಗುಟ್ಟೊಂದು, ಆಸ್ಪತ್ರೆಯ ಮಂಚದಲ್ಲಿ ತಾಯಿ ಕಿವಿಯಲ್ಲಿ ಉಸುರಿದ್ದು, ಅರ್ಧ ಕೇಳಿಸಿತು. "ಅಪ್ಪನ್ನ ನಗಿಸ್ತಾ ಇರು, ಆಯ್ತಾ?" ದಂತವೈದ್ಯ ಮುಷ್ಟಿಯನ್ನು ಬಾಯೊಳಗೆ ತುರುಕಿಕೊಂಡ. ಅದೂ ಹೋಯಿತು. ಕೊನೆಯ ಸುತ್ತು. ಮಗು ತಲೆಯೆತ್ತಿ ಕೋಣೆಯನ್ನೆಲ್ಲ ಹುಡುಕಿ "ಅಮ್ಮಾ" ಎಂದಿತು. ಆಮೇಲೆ ಏನು ಹೇಳಲು ಹೊರಟಿದ್ದೆನೆಂದು ಮರೆತವರ ಹಾಗೆ ಬಾಯಿ ಹಾಗೇ ತೆರೆದುಕೊಂಡಿತು.

ಓಣಿ ನಿಶ್ಶಬ್ದವಾಯಿತು. ಕೆಳಗೆ ಟೈಲರನ ಯಂತ್ರ ಮಾತ್ರ ಟರಟರ ಎನ್ನುತ್ತಿತ್ತು.

"ಅಪ್ಪಾ," ಎಂದಳು ಬಟಾಣಿ. "ಹಸಿವಾಗ್ತಿದೆ. ಇಲ್ಲಿಗೆ ಯಾಕೆ ಬಂದ್ವಿ?"

ಅವನು ಅವಳನ್ನೆತ್ತಿಕೊಂಡ. ತೂಕವಿತ್ತು. ಬೆಚ್ಚಗಿದ್ದಳು. ಮುದುಕಿ ಕೀಲಿಯನ್ನು ಎದೆಗವಚಿಕೊಂಡು, ಎರಡು ಮನೆಗಳ ದುಃಖವನ್ನು ಒಬ್ಬಳೇ ಅಳುತ್ತಿದ್ದಳು. ಅವನು ಹಲಗೆಯನ್ನು ಅಲ್ಲೇ ಬಿಟ್ಟು ಇಳಿದ.

ದಾರಿಯಲ್ಲಿ ಬೇಕರಿಯ ಬನ್ನು ತಿನ್ನುತ್ತ ಅವಳು ಕಾರಿನ ಸೀಟಿನ ಮೇಲೆ ಕಾಲು ಕುಣಿಸುತ್ತಿದ್ದಳು. ಇಷ್ಟು ದಿನಗಳ ಹಸಿವೆಲ್ಲ ಒಮ್ಮೆಗೇ ಬಂದಿತ್ತು. ಕೆನ್ನೆಗೆ ಕೆಂಪು ಮರಳಿತ್ತು.

"ಅಪ್ಪಾ, ಆ ಅಜ್ಜಿ ಯಾಕೆ ಅಳ್ತಿದ್ರು?"

"ಅವರ ಮಗನ ನೆನಪಾಯ್ತು ಅಂತ ಕಾಣುತ್ತೆ."

"ನೆನಪಾದ್ರೆ ಅಳ್ತಾರಾ?" ಅವಳು ಸ್ವಲ್ಪ ಯೋಚಿಸಿದಳು. "ನನಗೆ ಯಾರನ್ನ ನೆನೆಸ್ಕೊಂಡ್ರೂ ಅಳು ಬರಲ್ಲಪ್ಪ."

ಸಿಗ್ನಲ್ಲಿನಲ್ಲಿ ಗಾಡಿಗಳು ನಿಂತವು. ಅವನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಬಸ್ಸಿನ ಬೆನ್ನನ್ನು ನೋಡುತ್ತ, ಮೆಲ್ಲಗೆ ಶುರು ಮಾಡಿದ. "ಬಟಾಣಿ, ನಮ್ಮ ಮನೇಲಿ ಒಬ್ಬಳಿದ್ದಳು. ತುಂಬ ಚೆನ್ನಾಗಿ ನಗ್ತಿದ್ದಳು. ನಿನ್ನ ಅಮ್ಮ."

"ಹೌದಾ? ಅವರು ನೋಡೋಕೆ ಹೇಗಿದ್ರು?"

ಹೇಳಿದ. ನಿನ್ನದೇ ಹುಬ್ಬು ಎಂದ, ನಿನ್ನದೇ ಕತ್ತು ಎಂದ. ನೀನು ಹುಟ್ಟಿದ ದಿನ ಅವಳು ಏನೆಂದಳು ಅಂತ ಹೇಳಿದ. ಹಸಿರು ದೀಪ ಬಿತ್ತು, ಹಿಂದಿನವರು ಹಾರನ್ ಹೊಡೆದರು, ಅವನು ಹೇಳುತ್ತಲೇ ಇದ್ದ. ಬಟಾಣಿ ಒಳ್ಳೆಯ ಮಗು. ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿದಳು. ಆಮೇಲೆ ಗಾಜಿಗೆ ಹಣೆಯಾನಿಸಿ, ಹೊರಗೆ ಹೋಗುವ ಬಸ್ಸುಗಳನ್ನು ಎಣಿಸತೊಡಗಿದಳು.